ಹಿಡಿಕೆಯ ತುದಿಯ ಅಡಿಕೆ

ಮನೋಹರ ಟೆಸ್ಟರಿನ ತುದಿಯನ್ನು ಜಗಲಿಯ ಪೆಟ್ಟಿಗೆಯ ಎರಡನೆಯ ಸ್ಕ್ರೂವಿಗೆ ಕೊಟ್ಟು ತಿರುಗಿಸುವಷ್ಟರಲ್ಲಿ ಒಳಗೆ ಭಜನೆ ನಿಂತಿತು. ಟೆಸ್ಟರನ್ನು ಅಂಗಿಯ ಕಿಸೆಗೆ ತುರುಕಿ, ಗೋಡೆಯ ಕಡೆ ತಿರುಗಿ, ಕಣ್ಣೊರೆಸಿಕೊಳ್ಳುವವನ ಹಾಗೆ ನಿಂತುಕೊಂಡ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಾಳದ ಸದ್ದು ಮತ್ತೆ ಶುರುವಾಯಿತು.

ಸತ್ತವನ ಮುಖ ನೋಡಲೆಂದು ಯಲ್ಲಾಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಶಿರಸಿಗೆ ಬಂದ ಮನುಷ್ಯ ಇವನು. ನಡುಮನೆಯಲ್ಲಿ ಶಿವಪುತ್ರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ, ಕೈಗಳೂ ಕಾಣದ ಹಾಗೆ ಹೊದೆಸಿದ ಶಾಲು. ಮನೋಹರ ಕೈಮುಗಿದ, ತಾನು ತಂದ ಹಾರವನ್ನೂ ಹಾಕಿದ. ಅಳು ಬರುವುದರಲ್ಲಿತ್ತು, ಸುಳ್ಳಲ್ಲ. ಆದರೆ ಹೊರಗೆ ಬರುವಾಗ ಜಗಲಿಯ ಮೂಲೆಯಲ್ಲಿದ್ದ ಗೇಮ್ ಪೆಟ್ಟಿಗೆ ಕಣ್ಣಿಗೆ ಬಿತ್ತು, ಅಳು ಅಲ್ಲಿಗೇ ನಿಂತಿತು. ಪೆಟ್ಟಿಗೆ ಅದೇ, ಪರದೆಯೂ ಅದೇ. ಪರದೆಯ ಕೆಳಗಿನ ಬಟನ್ ಹಲಗೆ ಮಾತ್ರ ಅವನು ಮಾಡಿದ್ದಲ್ಲ.

ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಶಿವಪುತ್ರಪ್ಪನ ವಿಡಿಯೋ ಗೇಮ್ ಅಂಗಡಿ ನಡೆದಷ್ಟು ಕಾಲ ಆ ಹಲಗೆಯನ್ನು ಮನೋಹರನಲ್ಲದೆ ಬೇರೆಯವರು ರಿಪೇರಿಗೆ ಮುಟ್ಟಿದ್ದಿಲ್ಲ. ಈಗ ಅಲ್ಲಿ ಕಪ್ಪು ಸನ್‌ಮೈಕಾ ಅಂಟಿಸಿದ ಹೊಸ ಹಲಗೆ ಕೂತಿತ್ತು. ಅಂಚುಗಳನ್ನು ನುಣ್ಣಗೆ ಉಜ್ಜಿದ್ದರು. ಹಿಡಿಕೆಯ ತುದಿಗೆ ಅಂಗಡಿಯಿಂದ ಕೊಂಡ ಕೆಂಪು ಪ್ಲಾಸ್ಟಿಕ್ ಗುಂಡು. ಮನೋಹರ ತನ್ನ ಕೈಯಾರೆ ಕೂರಿಸಿದ್ದ ಅಡಿಕೆ ಇರಲಿಲ್ಲ. ಅವನ ಹೊಟ್ಟೆಗೆ ಕಿಚ್ಚು ಬಿತ್ತು. ಸಾವಿನ ಮನೆ ಎಂದು ಕಿಚ್ಚೇನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುತ್ತದೆಯೇ?

ಕೆಲಸದಲ್ಲಿ ಏನಾದರೂ ಹುಳುಕು ಸಿಗಲಿ ಎಂದು ಬಗ್ಗಿ ನೋಡಿದ. ಸಿಕ್ಕಿತು. ಎಡಗಡೆಯ ಹಿಡಿಕೆಗೆ ಬಟನ್‌ಗಳು ತೀರ ಅಂಟಿಕೊಂಡಿದ್ದವು. ಎರಡು ಕೈ ಹಾಕಿ ಆಡಿದರೆ ಬೆರಳಿಗೆ ಬೆರಳು ತಾಗಬೇಕು. "ದಡ್ಡ ಶಿಖಾಮಣಿ," ಎಂದು ಒಳಗೊಳಗೇ ಹಿಗ್ಗಿದ. ವೈರುಗಳನ್ನು ಹೇಗೆ ಕಟ್ಟಿದ್ದಾನೋ ನೋಡಿಯೇಬಿಡೋಣ ಎಂದು ಟೆಸ್ಟರು ತೆಗೆದದ್ದು ಆಗಲೇ.

"ಚಾ ತಗೋರಿ ಕಾಕಾ. ಬಾಜೂ ಮನಿಯವ್ರು ಕಳಿಸ್ಯಾರ." ಶಿವಪುತ್ರಪ್ಪನ ಸೊಸೆ ಸ್ಫೂರ್ತಿ ಲೋಟ ಹಿಡಿದು ನಿಂತಿದ್ದಳು.

ಮನೋಹರ ಲೋಟ ತೆಗೆದುಕೊಂಡ. ಈ ಹೊತ್ತಿನಲ್ಲಿ ಕೇಳಬಾರದು ಎಂದು ಗೊತ್ತಿದ್ದೂ ಕೇಳಿದ. "ಈ ಹಲಗೆ ಯಾರು ಮಾಡಿದ್ದು ತಂಗಿ?"

"ಕೆರಿಯಪ್ಪ ಕಾಕಾ ಮಾಡಿಕೊಟ್ರಿ."

ಕೆರಿಯಪ್ಪ! ಗೇಮ್ ಅಂಗಡಿಯ ಎದುರು ಮೋಟಾರಿಗೆ ತಂತಿ ಸುತ್ತುತ್ತಿದ್ದ ಸಿದ್ದಾಪುರದ ಕಡೆಯ ಕೆರಿಯಪ್ಪ. ಈಗ ಅಂಗಳದಲ್ಲಿ ಬಿದಿರು, ಬಾಳೆದಿಂಡು ಹರವಿಕೊಂಡು, ಶಿವಪುತ್ರಪ್ಪನನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದವನೂ ಅವನೇ.

"ಬಟನ್ ಇಷ್ಟು ಹತ್ರ ಹಾಕಿದ್ರೆ ಆಡೂದು ಹೆಂಗೆ?"

"ಎರಡು ಕೈ ಎಲ್ಲಿದ್ವು ಕಾಕಾ? ಲಕ್ವ ಹೊಡದು ಬಲಗೈ ಹೋತು. ಎಡಗೈ ಹೆಬ್ಬೆರಳಿಗೇ ಬಟನ್ ಸಿಗೂ ಹಂಗ ಮಾಡಿಕೊಟ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಬರ್ತೀರೇನೋ ಅಂತ ಮಾವಾರು ಭಾಳ ದಾರಿ ನೋಡಿದ್ರು."

"ಅಂವ ಒಂದು ಫೋನಾದ್ರೂ ಮಾಡ್ಬೋದಿತ್ತು," ಎಂದ ಮನೋಹರ. ಇಷ್ಟು ದಿನ ಮನಸ್ಸಿನಲ್ಲಿ ಕಾಯಿಸಿಟ್ಟುಕೊಂಡಿದ್ದ ಮಾತು ಅದು.

ಸ್ಫೂರ್ತಿ ಅವನನ್ನು ಬೆರಗಿನಿಂದ ನೋಡಿದಳು. "ಮಾತೂ ಹೋಗಿತ್ತಲ್ರಿ ಕಾಕಾ. ನಿಮಗ ಯಾರೂ ಹೇಳಲಿಲ್ಲೇನ್ರಿ?"

* * *

ಆ ಅಂಗಡಿಯಲ್ಲಿ ಆಗ ಕಾಲಿಡಲು ಜಾಗವಿರುತ್ತಿರಲಿಲ್ಲ. ಶಾಲೆ ತಪ್ಪಿಸಿ ಬಂದ ಹುಡುಗರು ಸೋತ ಸಿಟ್ಟನ್ನೆಲ್ಲ ಬಟನ್ ಹಲಗೆಯ ಮೇಲೆ ತೀರಿಸುತ್ತಿದ್ದರು. ಒಂದು ದಿನ ಯಾರೋ ಗುದ್ದಿದ ಏಟಿಗೆ ಹಲಗೆ ಸೀಳಿತು, ಹಿಡಿಕೆಯ ಗುಂಡು ಎರಡು ಹೋಳಾಯಿತು. ಪೆಟ್ಟಿಗೆ ತಂದುಕೊಟ್ಟವನು ಬೆಂಗಳೂರಿನಿಂದ ಸಾಮಾನು ಬರಬೇಕು, ಕಾಯಬೇಕು ಎಂದ. ಪಕ್ಕದ ಅಂಗಡಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಮನೋಹರನಿಗೆ ಅಷ್ಟು ತಾಳ್ಮೆ ಎಲ್ಲಿ? ಪ್ಲೈವುಡ್ ಕೊಯ್ದ, ತೂತು ಕೊರೆದ, ವೈರುಗಳನ್ನು ಹೊಸದಾಗಿ ಬೆಸೆದ. ಗುಂಡಿನ ಬದಲಿಗೆ ಏನು ಕೂರಿಸುವುದು ಎಂದು ತಲೆ ಕೆರೆದುಕೊಳ್ಳುವಾಗ ಶಿವಪುತ್ರಪ್ಪ ಬಾಯಿಗೆ ಹಾಕಲು ಅಡಿಕೆ ಕತ್ತರಿಸುತ್ತಿದ್ದ. ಮನೋಹರ ಅವನ ಸಂಚಿಗೆ ಕೈಹಾಕಿ ಎಲ್ಲಕ್ಕಿಂತ ದಪ್ಪನೆಯ ಅಡಿಕೆಯನ್ನು ಆರಿಸಿ ತೆಗೆದ. ಕೊರೆದು, ಅಂಟು ತುಂಬಿ, ಕಬ್ಬಿಣದ ಕಡ್ಡಿಯ ತುದಿಗೆ ಕೂರಿಸಿ, ವಾರ್ನಿಶ್ ಬಳಿದ.

ಶಿವಪುತ್ರಪ್ಪ ಅದನ್ನು ಹಿಡಿದು ಆಚೆ ಈಚೆ ಆಡಿಸಿ ನೋಡಿದ. "ಭಲೇ ಮನ್ಯಾ! ಅಡಿಕಿನ ಅಗೀಯೂದು ಬಿಟ್ಟು ಆಡೂ ಹಂಗ ಮಾಡಿದಿ ಅಲ್ಲಲೇ!"

ಹುಡುಗರ ಕೈಬೆವರು ಕುಡಿದು ಆ ಅಡಿಕೆ ಬರಬರುತ್ತ ಮಿರಮಿರ ಮಿಂಚತೊಡಗಿತು. ಅಂಗಡಿ ಮುಚ್ಚಿದ ಮೇಲೆ ಶಿವಪುತ್ರಪ್ಪ ಆ ಒಂದು ಪೆಟ್ಟಿಗೆಯನ್ನು ಮಾತ್ರ ಮನೆಗೆ ತಂದುಕೊಂಡ. ಮನೋಹರ ಬದುಕು ಹುಡುಕಿಕೊಂಡು ಯಲ್ಲಾಪುರಕ್ಕೆ ಹೋದರೂ ರವಿವಾರ ತಪ್ಪದೆ ಬಂದು ಆಡುತ್ತಿದ್ದ. ಜ್ವರ ಬಂದು ಕೆಲವು ವಾರ ತಪ್ಪಿಸಿಕೊಂಡದ್ದೇ ನೆಪ. ಆಮೇಲೆ ಬಂದು ನೋಡಿದರೆ ಒಂದು ಬಟನ್ನಿನ ಕೆಳಗೆ ಯಾರೋ ಹೊಸ ಸ್ಪ್ರಿಂಗ್ ಹಾಕಿದ್ದರು.

"ಕೆರಿಯಪ್ಪ ಹಾಕಿಕೊಟ್ಟನಪಾ. ನೀ ಇರಲಿಲ್ಲಲ್ಲ."

"ಹಂಗಾದ್ರೆ ಇನ್ನು ಅವನ ಹತ್ರಾನೇ ಆಡ್ಕ," ಎಂದು ಮನೋಹರ ಚಹಾ ಕೂಡ ಕುಡಿಯದೆ ಎದ್ದುಬಂದಿದ್ದ. ಒಂದು ಸ್ಪ್ರಿಂಗಿಗೆ! ಕೇಳಿದವರು ನಕ್ಕಾರೆಂದು ಯಾರಿಗೂ ಹೇಳಲಿಲ್ಲ. ಲಕ್ವ ಹೊಡೆದ ಸುದ್ದಿ ಸಂತೆಯಲ್ಲಿ ಯಾರದೋ ಬಾಯಿಂದ ಕಿವಿಗೆ ಬಿದ್ದಾಗಲೂ, ಅವನೇ ಕರೆಯಲಿ, ಕರೆದರೆ ಓಡಿಹೋಗುತ್ತೇನೆ ಎಂದು ಬಿಗುಮಾನದಲ್ಲಿ ಕೂತುಬಿಟ್ಟ.

* * *

ವಿಮಾನ ಎತ್ತುವ ಹೊತ್ತಿಗೆ ಶಿವಪುತ್ರಪ್ಪನ ಮಗ ಪವನ್ ಕೂಗಿದ. "ಕೆರಿಯಪ್ಪ ಕಾಕಾ, ಮುಂದಿನ ಹೆಗಲು ನೀವ ಕೊಡ್ರಿ."

ಮನೋಹರ ಯಾರೂ ಕರೆಯದಿದ್ದರೂ ನುಗ್ಗಿ ಇನ್ನೊಂದು ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಕೆರಿಯಪ್ಪ ಎತ್ತರದ ಆಳು, ಇವನು ಗಿಡ್ಡ. ವಿಮಾನ ಇವನ ಕಡೆಗೆ ವಾಲಿತು. ಇವನು ಸೋಲಬಾರದೆಂದು ತುದಿಗಾಲಲ್ಲಿ ನಡೆದ. ಅದನ್ನು ಕಂಡ ಕೆರಿಯಪ್ಪ ಮೊಣಕಾಲು ಬಗ್ಗಿಸಿದ. ಈಗ ಅದು ಅವನ ಕಡೆಗೆ ವಾಲಿತು. ಒಳಗೆ ಕೂತ ಶಿವಪುತ್ರಪ್ಪ ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ತೂಗಿದ.

"ಏನ್ ನಡಸೀರಿ ಇಬ್ಬರೂ? ಸಮ ಹಿಡೀರಿ! ಅಪ್ಪ ಬಿದ್ದಾನು!" ಪವನ್ ಗದರಿದ.

"ಹೆಗಲು ಬದಲಿ ಮಾಡ್ತ್ಯ? ನಿಂಗೆ ಏದುಸಿರು ಬಂತು," ಎಂದ ಕೆರಿಯಪ್ಪ, ಮೆಲ್ಲಗೆ.

"ನಂಗೆಂತ ಆಗಿಲ್ಲ. ನೀ ಬೇಕಾರೆ ಬಿಡು."

ಇಬ್ಬರೂ ಬಿಡಲಿಲ್ಲ. ರುದ್ರಭೂಮಿ ಬರುವವರೆಗೂ ಹಾಗೇ ನಡೆದರು. ಮನೋಹರನ ಹೆಗಲ ಚರ್ಮ ಕಿತ್ತುಬಂದಿತ್ತು. ಅಷ್ಟಾದರೂ ಅವನ ತಲೆಯೊಳಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಕುಣಿಯ ಹತ್ತಿರ ವಿಮಾನ ಇಳಿಸಿದ್ದೇ ತಡ, ಕೇಳಿಯೇಬಿಟ್ಟ.

"ನನ್ನ ಅಡಿಕೆ ಎಂತ ಮಾಡ್ದೆ? ಹಳೇ ಹಲಗೆ ಜೊತೆಗೆ ಒಲೆಗೆ ಹಾಕ್ದ್ಯ?"

ಕೆರಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದ. ಹಾಕಿದ್ದಾನೆ, ಒಲೆಗೇ ಹಾಕಿದ್ದಾನೆ ಎಂದು ಮನೋಹರ ಹಲ್ಲು ಕಚ್ಚಿದ.

ಶಿವಪುತ್ರಪ್ಪನನ್ನು ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಶಾಲು ಸರಿಸಿ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಬಿಲ್ವಪತ್ರೆ ಏರಿಸಿದರು. ಬಲಗೈ ಗಂಟು ಹಾಕಿದ ಹಾಗೆ ಮುಷ್ಟಿ ಕಟ್ಟಿತ್ತು.

"ಕೈಯಾಗ ಏನೈತಿ ಇದು? ಬಿಡಸ್ರಿ," ಎಂದರು ಅಯ್ಯನವರು.

"ಬಿಡಂಗಿಲ್ರಿ ಅಯ್ಯಾರ," ಎಂದ ಪವನ್. "ಅಡಿಕಿ ಅದು, ಹಳೇ ಗೇಮಿನ ಹಿಡಿಕಿದು. ಬೆರಳು ಬಿಗೀಬಾರದು ಅಂತ ಆಸ್ಪತ್ರ್ಯಾಗ ರಬ್ಬರ್ ಚೆಂಡು ಕೊಟ್ಟಿದ್ರು, ಒಗದುಬಿಟ್ಟ. ಇದನ್ನ ಕೈಯಾಗ ಇಟ್ಟರಷ್ಟ ಸುಮ್ಮನಿರ್ತಿದ್ದ. ಮುಂಜಾನೆ ಸ್ನಾನ ಮಾಡಸೂ ಮುಂದೂ ಬಿಡಲಿಲ್ಲ."

ಬೆರಳುಗಳ ಸಂದಿಯಲ್ಲಿ ಕಂದುಬಣ್ಣದ ಮಿಂಚೊಂದು ಕಂಡಿತು. ಗೆದ್ದೆ ಎನ್ನಿಸಿತು ಮನೋಹರನಿಗೆ, ಹೆಣದ ಮುಂದೆ ನಿಂತು.

"ಇರ್ಲಿ ಬಿಡ್ರಿ ಹಂಗಾರ," ಎಂದರು ಅಯ್ಯನವರು.

ಪಕ್ಕದಲ್ಲಿ ಕೆರಿಯಪ್ಪ ತನಗೆ ತಾನೇ ಹೇಳಿಕೊಳ್ಳುವವನಂತೆ ಅಂದ. "ಕೆಂಪು ಗುಂಡು ಹುಬ್ಬಳ್ಳಿಂದ ತರಿಸಿ ಹಾಕಿದ್ದೆ. ದಿನಾ ಸಂಜೆ ಬಂದು ಜೊತೆಗೆ ಕೂತು ಆಡ್ದೆ. ಎಡಗೈ ನನ್ನ ಹಲಗೆ ಮೇಲಿರ್ತಿತ್ತು. ಬಲಗೈ ಮಾತ್ರ ನಿನ್ನ ಅಡಿಕೆ ಬಿಡ್ಲೇ ಇಲ್ಲ ಮಾರಾಯ. ನಾ ಒಂದಿನ ಕಸಕೊಳ್ಳೂಕೆ ನೋಡ್ದೆ. ಗುರ್ ಅಂದ."

ಕೆರಿಯಪ್ಪನ ದನಿಯೊಳಗಿನ ಕಿಚ್ಚಿನ ಗುರುತು ಮನೋಹರನಿಗೆ ಚೆನ್ನಾಗಿತ್ತು. ಅದು ತನ್ನದೇ ಕಿಚ್ಚು. ಖುಷಿಪಡಬೇಕಿತ್ತು. ಆದರೆ ದಿನಾ ಸಂಜೆ ಎಂದ ಮಾತು ಮುಳ್ಳಿನ ಹಾಗೆ ಒಳಗೆ ಮುರಿದು ಕೂತಿತು. ಅಡಿಕೆ ಇವನದು, ಸಂಜೆಗಳು ಅವನವು. ಬದಲಿ ಮಾಡಿಕೊಳ್ಳುತ್ತೀಯಾ ಎಂದು ಆ ಕ್ಷಣ ಯಾರಾದರೂ ಕೇಳಿದ್ದರೆ ಮನೋಹರ ಅಡಿಕೆ ಕೊಟ್ಟು ಒಂದು ಸಂಜೆ ತೆಗೆದುಕೊಳ್ಳುತ್ತಿದ್ದ.

ವಿಭೂತಿ ಬಿತ್ತು, ಉಪ್ಪು ಬಿತ್ತು. "ಎಲ್ಲಾರೂ ಒಂದೊಂದು ಹಿಡಿ ಮಣ್ಣು ಹಾಕಿ ಸರೀರಿ," ಎಂದರು ಅಯ್ಯನವರು. ಪವನ್ ಹಾಕಿದ, ಬಂಧುಗಳು ಹಾಕಿದರು, ಒಂದು ಕಾಲದಲ್ಲಿ ಶಾಲೆ ತಪ್ಪಿಸಿ ಬರುತ್ತಿದ್ದ ನರೆಗೂದಲಿನ ಹುಡುಗರೂ ಹಾಕಿ ಹೋಗಿ ಮರದ ನೆರಳಿಗೆ ನಿಂತರು.

ಕುಣಿಯ ಈ ದಂಡೆಯಲ್ಲಿ ಮನೋಹರ, ಆ ದಂಡೆಯಲ್ಲಿ ಕೆರಿಯಪ್ಪ, ಒಂದೊಂದು ಹಿಡಿ ಮಣ್ಣು ಹಿಡಿದು ಉಳಿದರು. ಕೊನೆಯ ಮಣ್ಣು ತನ್ನದಾಗಲಿ ಎಂದು ಇವನು ಅವನ ಕೈ ನೋಡುತ್ತ ನಿಂತ, ಅವನು ಇವನ ಕೈ ನೋಡುತ್ತ ನಿಂತ. ಕೆಳಗೆ ಗೂಡಿನ ಬಾಯಲ್ಲಿ ಉಪ್ಪಿನ ನಡುವೆ ಶಿವಪುತ್ರಪ್ಪನ ಮುಷ್ಟಿಯೊಂದು ಮಾತ್ರ ಇನ್ನೂ ಕಾಣುತ್ತಿತ್ತು. ಮೇಲೆ ಇಬ್ಬರ ಬಿಗಿಹಿಡಿದ ಮುಷ್ಟಿಗಳ ಸಂದಿಯಿಂದ ಮಣ್ಣು ತಾನಾಗಿಯೇ ಸೋರುತ್ತಿತ್ತು.