ಎಂಜಿನ್ ನಿಲ್ಲಿಸಿದ ಬೆಳಗು

ಶಿವಾಜಿನಗರದ ಆ ಗಲ್ಲಿಯಲ್ಲಿ ಭಾನುವಾರ ಬೆಳಗಾಗುತ್ತಿದ್ದುದೇ ಇನಾಯತ್ ಉಲ್ಲಾ ಅವರ ಜೀಪು ತಳ್ಳುವುದರಿಂದ. ಹಳೆಯ ಡೀಸೆಲ್ ಜೀಪು. ವೈರಿಂಗ್‌ನಲ್ಲಿ ಎಲ್ಲೋ ಒಂದು ಕಳ್ಳದಾರಿ. ಹೊಸ ಬ್ಯಾಟರಿ ಹಾಕಿಸಿದರೂ ವಾರದೊಳಗೆ ಕರೆಂಟು ಸದ್ದಿಲ್ಲದೆ ಸೋರಿಹೋಗುತ್ತಿತ್ತು. ಡೈನಮೋ ಬೇರೆ ಮನಸ್ಸು ಬಂದರೆ ಚಾರ್ಜ್ ಮಾಡುವುದು, ಇಲ್ಲದಿದ್ದರೆ ಇಲ್ಲ. ಮೆಕ್ಯಾನಿಕ್‌ಗಳೆಲ್ಲ ಹುಡುಕಿ ಸೋತ ಮೇಲೆ ಗಲ್ಲಿಯ ಜನರೇ ಆ ಜೀಪಿಗೆ ಬ್ಯಾಟರಿಯಾಗಿಬಿಟ್ಟಿದ್ದರು. ಮಹಡಿಯ ಬಾಡಿಗೆ ಕೋಣೆಯಿಂದ ರಾಯಚೂರು ಕಡೆಯ ಈರೇಶ ಲುಂಗಿ ಎತ್ತಿ ಕಟ್ಟಿಕೊಂಡು ಇಳಿಯುವನು, ಅವನ ಹಿಂದೆ ಅವನ ಊರಿನವರು, ಹಾಲಿಗೆ ಹೊರಟವರು, ನಮಾಜು ಮುಗಿಸಿ ಬಂದವರು. ಎಲ್ಲರಿಗೂ ಮೊದಲು ಇನಾಯತ್ ಅವರ ಹೆಂಡತಿ ಶಕೀಲಾ ಮಾಡಿದ ಚಹಾ, ಆಮೇಲೆ ತಳ್ಳಾಟ.

ಜೀಪು ಕೆಮ್ಮಿ ಎದ್ದರೆ ಇನಾಯತ್ ಮತ್ತು ಶಕೀಲಾ ಹೊರಟರು. ಹಲಸೂರು, ಇಂದಿರಾನಗರ, ಕೆ.ಆರ್. ಪುರದ ತೂಗುಸೇತುವೆ, ಅಲ್ಲಿಂದಾಚೆ ಡಾಂಬರು ಬಿಟ್ಟು ಮಣ್ಣು, ಹಳ್ಳ, ಜಾರುವ ದಿಬ್ಬ, ಕೊನೆಗೆ ಜೊಂಡು ಬೆಳೆದ ಒಂದು ಕೆರೆಯಂಗಳ. ಜೀಪುಗಳಿಗೆ ಟಾರ್ಪಾಲಿನ ಹುಡ್ಡು ಹೊಲಿಯುತ್ತಲೇ ವಯಸ್ಸಾದ ಇನಾಯತ್‌ಗೆ ಆ ಕೆಸರಿನ ದಾರಿಯೆಂದರೆ ಪ್ರಾಣ. ಆದರೆ ಅಲ್ಲಿ ತಳ್ಳುವವರು ಯಾರಿದ್ದಾರೆ? ಅದಕ್ಕೇ ಎಂಜಿನ್ ನಿಲ್ಲಿಸುತ್ತಿರಲಿಲ್ಲ. ಗಡಗಡ ಎನ್ನುವ ಜೀಪಿನಲ್ಲೇ ಕೂತು ತಿಂಡಿ ತಿಂದು, ನೀರನ್ನು ನೋಡಿ, ಹಾಗೇ ತಿರುಗಿಸಿಕೊಂಡು ಬರುವುದು. ಎಷ್ಟೋ ವರ್ಷಗಳಿಂದ ಹೀಗೆಯೇ.

ಮೊನ್ನೆ ಕಿವಿಯ ಡಾಕ್ಟರು ಶಕೀಲಾಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿ, ಕೇಳುವುದು ಕಡಿಮೆಯಾಗುತ್ತಾ ಹೋಗುತ್ತದೆ, ಯಾವಾಗ ಎಷ್ಟು ಅಂತ ಹೇಳಲಾಗದು ಎಂದಿದ್ದರು. ಅವಳು ಅಳಲಿಲ್ಲ. ರಾತ್ರಿ ರೊಟ್ಟಿ ಬಡಿಸುತ್ತಾ ಒಂದೇ ಮಾತು ಕೇಳಿದಳು.

"ಆ ಕೆರೆ ಹೇಗೆ ಕೇಳ್ಸುತ್ತೆ ಜೀ? ನೋಡಿದ್ದೇ ಬಂತು. ನಿಮ್ಮ ಜೀಪಿನ ಗಲಾಟೇಲಿ ಒಂದಿನಾನೂ ಕೇಳಿಲ್ಲ."



ಮರುದಿನ ಬಿಡಿಭಾಗಗಳ ಅಂಗಡಿಯ ಮುನಾವರ್ ಮುಂದೆ ಹೋಗಿ ನಿಂತು, ಸತ್ತ ಬ್ಯಾಟರಿಗೆ ಸಿಕ್ಕಿಸಿ ಎಂಜಿನ್ ಎಬ್ಬಿಸುವ ಪೆಟ್ಟಿಗೆ ಕೇಳಿದರು.

"ಜಂಪ್ ಸ್ಟಾರ್ಟರಾ? ನಿಮಗಾ?" ಮುನಾವರ್ ನಕ್ಕ. "ಗಲ್ಲೀಲಿ ಅಷ್ಟು ಜನ ಸ್ಟಾರ್ಟರ್ ಇಟ್ಕೊಂಡಿದೀರಲ್ಲ ಚಾಚಾ."

"ಅವರನ್ನ ಡಿಕ್ಕೀಲಿ ಹಾಕ್ಕೊಂಡು ಹೋಗಕ್ಕಾಗುತ್ತಾ? ತೋರ್ಸು."

ಶೇರ್ವಾನಿ ಜೇಬಿಗೆ ಹಿಡಿಯುವಂಥ ಪುಟ್ಟದೊಂದು ಇನಾಯತ್‌ಗೆ ಇಷ್ಟವಾಯಿತು. ಮುನಾವರ್ ಅದನ್ನು ಕಿತ್ತುಕೊಂಡ. "ಇದು ಬೈಕಿಗೆ, ಸಣ್ಣ ಪೆಟ್ರೋಲ್ ಕಾರಿಗೆ. ನಿಮ್ಮದು ಡೀಸೆಲ್, ಅದನ್ನ ತಿರುಗ್ಸೋಕೆ ದಮ್ ಬೇಕು. ಡೀಸೆಲ್‌ಗೂ ಆಗುತ್ತೆ ಅಂತ ಬರೆದಿರೋದನ್ನೇ ತಗೊಳ್ಳಿ." ಇಟ್ಟಿಗೆಯಷ್ಟು ದೊಡ್ಡದನ್ನು ಮುಂದಿಟ್ಟ. ಅದರ ಕ್ಲಿಪ್ಪುಗಳ ಹಲ್ಲು ಒತ್ತಿ ತೋರಿಸಿದ. "ಕಚ್ಚಿದ್ರೆ ಬಿಡಬಾರ್ದು, ಹಂಗಿರ್ಬೇಕು. ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಒಂದೆರಡು ಸಲ ಕೀ ತಿರುಗ್ಸಿ, ಏಳ್ಲಿಲ್ಲ ಅಂದ್ರೆ ಸ್ವಲ್ಪ ಬಿಡಿ, ಅದಕ್ಕೂ ಉಸಿರು ಬೇಕು. ಎದ್ದ ತಕ್ಷಣ ಬಿಚ್ಚಿಬಿಡಿ. ಬಿಸಿಲಲ್ಲಿ ಕಾಯೋಕೆ ಇಡಬೇಡಿ. ಉಲ್ಟಾ ಹಾಕಿದ್ರೆ ಕೂಗುತ್ತೆ ನೋಡಿ."

ಬೇಕೆಂದೇ ಒಂದು ಬ್ಯಾಟರಿಗೆ ಉಲ್ಟಾ ಹಾಕಿದ. ಕೆಂಪು ದೀಪ ಹತ್ತಿತು. ಕೂಗು ಇನಾಯತ್‌ಗೆ ಕೇಳಲಿಲ್ಲ. ಹೊರಗೆ ಬಸ್ಸು, ಆಟೋ, ಬಾಳೆಹಣ್ಣಿನವನ ಮೈಕು. ಈ ಬಜಾರಿನಲ್ಲಿ ಯಾರಿಗೆ ಏನು ಕೇಳೀತು ಎಂದುಕೊಂಡರು.

ಭಾನುವಾರ ಆ ಪೆಟ್ಟಿಗೆಯನ್ನು ಶಾಲಿನಲ್ಲಿ ಸುತ್ತಿ ಸೀಟಿನ ಕೆಳಗೆ ಬಚ್ಚಿಟ್ಟರು. ಗಲ್ಲಿಯವರ ಮುಂದೆ ಅದನ್ನು ತೆಗೆಯಲು ಏನೋ ಸಂಕೋಚ. ಮನೆಯ ಊಟ ಬಿಟ್ಟು ಹೋಟೆಲಿಗೆ ಹೊರಟ ಹಾಗೆ. ಈರೇಶ ಎಂದಿನಂತೆ ಚಹಾ ಕುಡಿದು ಅಂಗೈ ಉಜ್ಜಿಕೊಂಡ.

"ದಬ್ರಲೇ, ಚಾಚಾನ ಕುದುರಿ ಇನ್ನಾ ಮಕ್ಕೊಂಡೈತಿ. ಚಾಚೀ, ನೀವ್ ಕೂತಿದ್ದಕ್ಕ ಭಾರ ಆಗೇತಿ ನೋಡ್ರಿ."

"ನಿನ್ನ ಚಹಾಕ್ಕೆ ಸಕ್ಕರೆ ಕಮ್ಮಿ ಮಾಡ್ತೀನಿ ಇರು," ಎಂದಳು ಶಕೀಲಾ.

ಜೀಪು ಎದ್ದಿತು. ಮಂಜಿನಲ್ಲಿ ಹಲಸೂರು ಕೆರೆ ಹಾಲು ಚೆಲ್ಲಿದಂತಿತ್ತು. ಇಂದಿರಾನಗರ ಇನ್ನೂ ಮುಸುಕೆಳೆದು ಮಲಗಿತ್ತು. ತೂಗುಸೇತುವೆಯ ಹಗ್ಗಗಳು ಆಕಾಶದಿಂದ ಯಾರೋ ಇಳಿಬಿಟ್ಟ ನೂಲಿನಂತೆ ಕಂಡು ಮರೆಯಾದವು. ಶಕೀಲಾ ದುಪಟ್ಟಾ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು, ಒಂದು ಸದ್ದೂ ತಪ್ಪಿಹೋಗಬಾರದು ಎಂಬಂತೆ.

ಕೆರೆಯಂಗಳದಲ್ಲಿ ಇನಾಯತ್ ಎಂಜಿನ್ ನಿಲ್ಲಿಸುವ ಗುಂಡಿಗೆ ಕೈ ಹಾಕಿದರು. ಎಳೆಯಲಾಗಲಿಲ್ಲ. ಸುತ್ತ ಒಂದು ನರಪಿಳ್ಳೆಯಿಲ್ಲ. ಆ ಪೆಟ್ಟಿಗೆ ಕೈಕೊಟ್ಟರೆ ಮೊಣಕಾಲು ನೋವಿನ ಶಕೀಲಾ ಈ ಕೆಸರಿನಲ್ಲಿ ನಡೆಯಬೇಕು. ಶಕೀಲಾ ಅವರ ಕೈಯ ಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಸೇರಿ ಎಳೆದರು.

ಜೀಪು ನಡುಗಿ, ನಿಟ್ಟುಸಿರು ಬಿಟ್ಟು, ಸುಮ್ಮನಾಯಿತು.

ಬಹಳ ಹೊತ್ತು ಶಕೀಲಾ ಕಣ್ಣುಮುಚ್ಚಿ ಕೂತಿದ್ದಳು. "ಏನೂ ಕೇಳ್ತಿಲ್ಲ ಜೀ," ಎಂದಳು ಮೆಲ್ಲಗೆ. "ಹೋಗೇಬಿಡ್ತಾ?"

"ಎಂಜಿನ್ ಇನ್ನೂ ಕಿವಿಯೊಳಗೆ ಓಡ್ತಿರುತ್ತೆ. ಅದೂ ನಿಲ್ಲಲಿ, ತಾಳು."

ಮಂಜು ಜೊಂಡಿನ ಮೇಲೆ ಹಾದುಹೋಯಿತು. ಆಮೇಲೆ ಅವಳ ಹುಬ್ಬು ಮೇಲೇರಿತು. "ಟಿಕ್ ಟಿಕ್ ಅಂತಿದೆ. ಜೀಪು ತಣ್ಣಗಾಗ್ತಿದೆ ಅಲ್ವಾ?" ಇನ್ನೊಂದು ಗಳಿಗೆಗೆ, "ಜೊಂಡು ಮಾತಾಡ್ತಿದೆ. ರೇಷ್ಮೆ ಸೀರೆ ಮಡಚಿದ ಹಾಗೆ." ಮತ್ತೆ, ಉಸಿರು ಬಿಗಿಹಿಡಿದು, "ಹಕ್ಕಿ. ಸಣ್ಣದು. ಬೆಳ್ಳಿ ಗೆಜ್ಜೆ ತೊಟ್ಟ ಮಗು ನಡೆದ ಹಾಗೆ. ಕೇಳ್ತಾ?"

"ಹೂಂ," ಎಂದರು ಇನಾಯತ್.

ಎಷ್ಟು ಹೊತ್ತು ಕೂತರೋ. ಬಿಸಿಲು ಮಂಜನ್ನು ಎಳೆಎಳೆಯಾಗಿ ಬಿಚ್ಚಿದ ಮೇಲೆ ಇನಾಯತ್ ಇಳಿದು ಬಾನೆಟ್ ಎತ್ತಿದರು. ಬ್ಯಾಟರಿಯ ಎರಡು ಕೇಬಲ್ಲಿಗೂ ಹಿಂದೆ ಅವರೇ ಪ್ರೀತಿಯಿಂದ ಹಸಿರು ಟಾರ್ಪಾಲಿನ ಅಂಗಿ ಹೊಲಿದು ತೊಡಿಸಿದ್ದರು. ಕೆಂಪು ಯಾವುದು, ಕಪ್ಪು ಯಾವುದು, ಒಂದೂ ಕಾಣದು. ನೆನಪಿನ ಮೇಲೆ ಕ್ಲಿಪ್ಪು ಹಾಕಿ ಬಂದು ಕೀ ತಿರುಗಿಸಿದರು. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದರು.

"ಆಗಿನಿಂದ ಕೂಗ್ತಿದೆಯಲ್ಲ ಅದು," ಎಂದಳು ಶಕೀಲಾ.

"ಯಾವುದು?"

"ನಿಮ್ಮ ಪೆಟ್ಟಿಗೆ. ಪೀ ಪೀ ಅಂತ ಅಳ್ತಾ ಇದೆ."

ಇನಾಯತ್ ಇಳಿದು ಪೆಟ್ಟಿಗೆಗೆ ಕಿವಿಯಾನಿಸಿದರು. ಕೆಂಪು ದೀಪ ಮಿಣುಕುತ್ತಿತ್ತು. ಸದ್ದಿಲ್ಲ. ಬೆರಳಿನಿಂದ ಮುಟ್ಟಿದಾಗ ಮಾತ್ರ ಒಳಗೆ ಏನೋ ಸಣ್ಣಗೆ ನಡುಗಿದಂತಾಯಿತು. ಅವರು ತಲೆಯೆತ್ತಿದಾಗ ಶಕೀಲಾ ಅವರನ್ನೇ ನೋಡುತ್ತಿದ್ದಳು.

"ಆ ಹಕ್ಕಿ?" ಎಂದು ಕೇಳಿದಳು.

ಅವರು ತಲೆಯಾಡಿಸಿದರು, ಇಲ್ಲವೆಂದು.

"ಜೊಂಡು?"

"ಅದೂ ಇಲ್ಲ. ಮೌನ ಅಂದ್ರೆ ಇದೇ ಇರಬೇಕು ಅಂದ್ಕೊಂಡೆ."

ಶಕೀಲಾ ನಿಧಾನವಾಗಿ ಇಳಿದು ಬಂದಳು. ದುಪಟ್ಟಾದ ಅಂಚಿನಿಂದ ಬ್ಯಾಟರಿಯ ಧೂಳು ಒರೆಸಿದಳು. ಒಂದು ತುದಿಯಲ್ಲಿ ಕೂಡಿಸುವ ಗುರುತು ಎದ್ದು ಕಂಡಿತು. "ಕೆಂಪು ಇಲ್ಲಿಗೆ. ಚೆಂದ ಮಾಡ್ತೀನಿ ಅಂತ ಎರಡಕ್ಕೂ ಒಂದೇ ಬಟ್ಟೆ ಹೊಲಿದ್ರೆ ಹೀಗೇ," ಎಂದಳು. ಇನಾಯತ್ ಕ್ಲಿಪ್ಪು ಬದಲಿಸಿದರು. ಅವಳು ಕಿವಿಗೊಟ್ಟಳು. "ಸುಮ್ಮನಾಯ್ತು."

ದೀಪ ಹಸಿರಾಗಿತ್ತು. ಕೀ ತಿರುಗಿಸಿದರೆ ಜೀಪು ಒಂದೇ ಸಲಕ್ಕೆ ಗುಡುಗಿ ಎದ್ದಿತು. ಇನಾಯತ್ ಕ್ಲಿಪ್ಪು ಬಿಚ್ಚಿ, ಪೆಟ್ಟಿಗೆಯನ್ನು ಶಾಲಿನಲ್ಲಿ ಸುತ್ತಿ, ಬಾನೆಟ್ ಮುಚ್ಚಿ ಬಂದು ಕೂತರು. ಗೇರಿನ ಮೇಲೆ ಕೈಯಿಟ್ಟವರು ಹಾಗೇ ತಡೆದರು. ಇನ್ನು ಹೆದರುವುದಕ್ಕೇನಿದೆ? ಎಬ್ಬಿಸಲು ಗೊತ್ತಾಯಿತಲ್ಲ.

ಗುಂಡಿ ಎಳೆದರು. ಜೀಪು ಮತ್ತೆ ಸುಮ್ಮನಾಯಿತು.

"ಏನ್ರೀ, ಮನೆಗೆ ಹೋಗಲ್ವಾ?"

"ಹೋಗೋಣ," ಎಂದು ಇನಾಯತ್ ಸೀಟಿಗೆ ಒರಗಿ ಕಣ್ಣುಮುಚ್ಚಿದರು. "ಆ ಹಕ್ಕಿದು ಇನ್ನೊಂದ್ಸಲ ಹೇಳು. ನಿಧಾನವಾಗಿ ಹೇಳು."

ಶಕೀಲಾ ಕಿವಿಯ ಹಿಂದಿನ ದುಪಟ್ಟಾ ಸರಿಮಾಡಿಕೊಂಡು ಜೊಂಡಿನ ಕಡೆ ತಿರುಗಿದಳು. "ತಾಳಿ," ಎಂದಳು. "ಈಗ ಎರಡು ಇವೆ."