ಕಿಡಿ ಬಂತಾ ಕೂಸು

ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ಎರಡೂ ಕೈಗೆ ಗ್ರೀಸು — ಕಾರಿನ ಬಾನೆಟ್ಟಿನ ಕೆಳಗೆ ಡಿಸ್ಟ್ರಿಬ್ಯೂಟರಿನ ಕ್ಲಿಪ್ಪುಗಳನ್ನು ಬೆರಳಲ್ಲೇ ತಡವಿ ಬಿಚ್ಚಿದ, ಮುಚ್ಚಳ ಎತ್ತಿದ, ರೋಟರ್ ಕಿತ್ತ, ಕಿಡಿ ಹುಟ್ಟಿಸುವ ಹಳೇ ಪಾಯಿಂಟು ತೆಗೆದು ನನ್ನ ಅಂಗೈಗೆ ಹಾಕಿದ, ಗುಳಿ ಬಿದ್ದದಾ ನೋಡವ್ವ ಎಂದ, ತನಗೆ ಕಾಣುವುದಿಲ್ಲ ಎಂದು ಮಾತ್ರ ಹೇಳುವವನಲ್ಲ, ಶಂಭುಲಿಂಗಪ್ಪ, ನಂಜನಗೂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ಯಾಕ್ಸಿ, ಒಬ್ಬರಿಗೂ ಗೀರು ತಾಗಿಸಿಲ್ಲ, ಹೋದ ಸೋಮವಾರವೂ ತಾಗಲಿಲ್ಲ, ಪಕ್ಕದಲ್ಲಿ ನಾನಿದ್ದೆ ಅಷ್ಟೆ, ನರಸೀಪುರದ ದಾರಿಯಲ್ಲಿ ಹುಲ್ಲಿನ ಗಾಡಿ, ಅಷ್ಟು ದೊಡ್ಡದು, ಅಪ್ಪನ ಕಾಲು ಬ್ರೇಕಿಗೆ ಹೋಗಲೇ ಇಲ್ಲ, ನಾನೇ ಸ್ಟಿಯರಿಂಗ್ ಎಳೆದೆ, ಹುಲ್ಲು ಕಿಟಕಿಯೊಳಗೆ ಉಜ್ಜಿಕೊಂಡು ಹೋಯಿತು, ಕಣ್ಣು ಎಲ್ಲಿಟ್ಟಿದ್ದೀಯಲಾ ಎಂದು ಗಾಡಿಯವನು ಕೂಗಿದ, ಬಿಸ್ಲು ಹೊಡೀತು ಕಣವ್ವ ಎಂದ ಅಪ್ಪ, ಸಂಜೆ ನಾಲ್ಕು ಗಂಟೆ, ಬಿಸಿಲು ನಮ್ಮ ಬೆನ್ನಿಗಿತ್ತು. ಕಣ್ಣಿನ ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ಆಪರೇಷನ್, ಅಲ್ಲೀವರೆಗೆ ಗಾಡಿ ಮುಟ್ಟಬೇಡಿ ಎಂದಿದ್ದರು ಮೈಸೂರಿನ ಡಾಕ್ಟರು, ಆಗಲಿ ಸಾ ಎಂದವನು ಹೊರಗೆ ಬಂದು ತಾನೇ ಗಾಡಿ ಓಡಿಸಿಕೊಂಡು ಮನೆಗೆ ಬಂದ — ಈಗ ಒಂಬತ್ತೂ ಕಾಲು, ಹತ್ತಕ್ಕೆ ಚಕ್ರಪಾಣಿ ಮೇಷ್ಟ್ರು ಬರುತ್ತಾರೆ, ಹೆಂಡತಿ ರಂಗನಾಯಕಿ, ಇಬ್ಬರು ಮಕ್ಕಳು, ಸೋಸಲೆಗೆ ಬಾಡಿಗೆ, ಅದೇ ನರಸೀಪುರದ ದಾರಿ, ಮುಂದಿನ ಸೀಟಿಗೆ ಆ ಮಕ್ಕಳು ಈಗಾಗಲೇ ಜಗಳ ತೆಗೆದಿರುತ್ತಾರೆ, ಹುಲ್ಲಿನ ಗಾಡಿಗಳು ಇವತ್ತೂ ಹೊರಟಿರುತ್ತವೆ. ಗ್ಯಾಪು ನೀನೇ ಇಡು ಕೂಸು ಎಂದ, ಹೊಸ ಪಾಯಿಂಟು ಕೂರಿಸಿದ್ದೇನೆ, ತಂಗಿಯ ಲಗ್ನಪತ್ರಿಕೆಯ ಚೂರು ನಡುವೆ ಹೋಗಬೇಕು, ಸಡಿಲವೂ ಅಲ್ಲ ಬಿಗಿಯೂ ಅಲ್ಲ, ಅದೇ ನಮ್ಮ ಅಳತೆ, ಗ್ಯಾಪು ಮುಚ್ಚಿಬಿಡು, ಪೂರ್ತಿ ಮುಚ್ಚಿಬಿಡು, ಗಾಡಿ ಏಳುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಎಂದುಕೊಂಡೇ ಸ್ಕ್ರೂ ತಿರುಗಿಸಿದೆ, ಕೈ ಕೇಳಲಿಲ್ಲ, ಒಂಬತ್ತನೇ ವಯಸ್ಸಿನಿಂದ ಅಪ್ಪನ ಬೆರಳು ಈ ಬೆರಳ ಮೇಲೆ ಕೂತು ಕಲಿಸಿದ್ದು, ಚೂರು ಸರಿಯಾಗಿ ಉಜ್ಜಿಕೊಂಡು ಹೋಯಿತು, ಆ ವಯಸ್ಸಿನಲ್ಲೇ ಮೊದಲ ಸಲ ತೋರಿಸಿದ್ದ ಆ ನೀಲಿ ಕಿಡಿ, ಹಳದಿ ಬಂದ್ರೆ ಸೋಮಾರಿ, ನೀಲಿ ಬಂದ್ರೆ ಓಡ್ತದೆ ಕಣವ್ವ.

ಕಂಡೆನ್ಸರ್ ಬಿಗಿದದ್ದಾಯಿತು, ಕಾಯಿಲ್ಲಿನ ವೈರು ಕಿತ್ತು ಎಂಜಿನ್ನಿಗೆ ಕಾಲಿಂಚು ದೂರ ಹಿಡಿದಿದ್ದೇನೆ, ಕೀ ಹಾಕಿ ಅಪ್ಪ ಗಾಡಿಯ ಮುಂದೆ ಬಗ್ಗಿದ, ಎಂಜಿನ್ ತಿರುವುವ ಹ್ಯಾಂಡಲ್ ತೂರಿಸಿ ತಿರುವಿದ — ಚಟ್, ನೀಲಿ, ಹೊಸ ಸೂಜಿಯಷ್ಟು ನೆಟ್ಟಗೆ. ಕಿಡಿ ಬಂತಾ ಕೂಸು. ಇಲ್ಲ ಕಣಪ್ಪ. ಬಾಯಿಂದ ಬಂದೇಹೋಯಿತು. ಅವನು ಹಾಗೇ ಬಗ್ಗಿ ನಿಂತ, ಇನ್ನೊಂದು ಸುತ್ತು, ಚಟ್, ನೀಲಿ, ಈಗ ಬಂತಾ, ಈಗ್ಲೂ ಇಲ್ಲ ಕಣಪ್ಪ — ಆಗ ನೆನಪಾಯಿತು, ಒಂಬತ್ತನೇ ವಯಸ್ಸಿನಲ್ಲೇ ಹೇಳಿದ್ದ, ಮಧ್ಯಾಹ್ನದ ಬೆಳಕಲ್ಲಿ ಕಿಡಿ ಕಣ್ಣಿಗೆ ಕಾಣಾಕಿಲ್ಲ, ಕಿವಿ ಕೊಡು, ಚಟ್ ಅಂತದೆ. ಅಪ್ಪ ಹ್ಯಾಂಡಲ್ ಹೊರಗೆಳೆದ, ಬಟ್ಟೆಯಿಂದ ಒರೆಸಿದ, ತುದಿಯಿಂದ ತುದಿಗೆ, ಮುಖ ಎತ್ತಿದ, ನೋಟ ನನ್ನ ಮೇಲಲ್ಲ, ನನಗಿಂತ ಒಂದು ಗೇಣು ಆಚೆ. ಮೇಷ್ಟ್ರಿಗೆ ಬಸ್ಸಿಗೋಗಾಕೆ ಹೇಳ್ಬುಡು ಕೂಸು, ಕಿಡಿ ಬತ್ತಿಲ್ಲ ಅನ್ನು. ಹ್ಯಾಂಡಲ್ ನನ್ನ ಕಡೆ ಚಾಚಿದ್ದಾನೆ, ತೆಗೆದುಕೊಳ್ಳಬೇಕು, ವೈರು ಕೈಯಲ್ಲೇ ಇದೆ, ತೆಗೆದುಕೊಳ್ಳಬೇಕು, ಕಾಲಿಂಚು ಗಾಳಿ, ತಲೆಯೊಳಗೆ ಇನ್ನೂ ಚಟ್, ನೀಲಿ, ನೀಲಿ