ಹೊಟ್ಟೆಗೆ ಸುತ್ತಿದ ಬಿಳಿ ಬಟ್ಟೆ

ಬೈರಮಂಗಲದ ಸೊಸೆ ದಿವ್ಯಳಿಗೆ ಜಪಾನಿ ಭಾಷೆ ಬರುತ್ತದೆ ಎಂದು ಊರೆಲ್ಲ ನಂಬಿತ್ತು. ಅವಳೂ ನಂಬಿದ್ದಳು. ಬಿಡದಿಯಲ್ಲಿ ಅವಳು ಪಿಲಾಟಿಸ್ ಎಂಬ ವ್ಯಾಯಾಮದ ಟೀಚರ್. ಕ್ಲಾಸಿಗೆ ಬರುವವರು ಅಲ್ಲಿನ ಕಾರ್ಖಾನೆಗಳಲ್ಲಿರುವ ಜಪಾನಿನವರ ಹೆಂಡತಿಯರು. ಮೊಬೈಲ್ ನೋಡಿಕೊಂಡೇ ಬೇಕಾದ ಮಾತು ಕಲಿತಿದ್ದಳು. ಒನಾಕ ಅಂದರೆ ಹೊಟ್ಟೆ, ಸುತ್ತೆ ಅಂದರೆ ಉಸಿರೆಳೆದುಕೊಳ್ಳಿ, ಹೈತೆ ಅಂದರೆ ಬಿಡಿ, ಗಂಬತ್ತೆ ಅಂದರೆ ಇನ್ನೂ ಸ್ವಲ್ಪ ಶಕ್ತಿ ಹಾಕಿ. ಎಲ್ಲಕ್ಕಿಂತ ಚೆನ್ನಾಗಿ ನಾಲಗೆಗೆ ಹತ್ತಿದ್ದು ವಕರಿಮಾಶಿತ, ಅಂದರೆ ಅರ್ಥವಾಯಿತು. ಅದೊಂದನ್ನು ಹೇಳಿಬಿಟ್ಟರೆ ಎದುರಿನವರು ಖುಷಿಯಿಂದ ತಲೆ ಬಾಗುತ್ತಿದ್ದರು.

ಮೊನ್ನೆ ಯುಕೊ ಎಂಬಾಕೆ ಹೊಸದಾಗಿ ಸೇರಿದರು. ಹೊಟ್ಟೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಅದನ್ನು ಮುಟ್ಟಿ 'ನಿನ್‌ಶಿನ್' ಎಂದು ಹೇಳಿ ಐದು ಬೆರಳು ತೋರಿಸಿದರು. ಆ ಪದ ದಿವ್ಯಳಿಗೆ ಗೊತ್ತಿರಲಿಲ್ಲ, ಕೇಳಲು ಮರ್ಯಾದೆ ಅಡ್ಡ ಬಂತು. ಕೇಳುವುದಾದರೂ ಏನಿದೆ? ಮಗಳು ಮಾನ್ಯ ಹುಟ್ಟಿದಾಗ ಅತ್ತೆ ವೆಂಕಟಲಕ್ಷ್ಮಮ್ಮ ಹಳೇ ಸೀರೆ ಹರಿದು ಅವಳ ಹೊಟ್ಟೆಯನ್ನೂ ಹೀಗೇ ಬಿಗಿದಿದ್ದರು. ಹೊಟ್ಟೆ ಕಟ್ಟಿಕೊಂಡವಳು ಬಾಣಂತಿಯಲ್ಲದೆ ಇನ್ನೇನು? ಹೆತ್ತು ಐದು ತಿಂಗಳಾಗಿದೆ, ಹೊಟ್ಟೆ ಕರಗಿಸಲು ಬಂದಿದ್ದಾರೆ ಎಂದುಕೊಂಡು 'ವಕರಿಮಾಶಿತ' ಎಂದಳು.

ಅಲ್ಲಿಂದ ಶುರುವಾಯಿತು ಹೊಟ್ಟೆಯ ವ್ಯಾಯಾಮ. ಕಾಲೆತ್ತಿ, ತಲೆಯೆತ್ತಿ, ಹೊಟ್ಟೆ ಒಳಗೆಳೆದುಕೊಳ್ಳಿ. ಯುಕೊ ಒಮ್ಮೆ 'ಕುರುಶೀ', ಕಷ್ಟವಾಗುತ್ತಿದೆ ಎಂದು ಏದುಸಿರು ಬಿಟ್ಟರು. ಇವಳು ಮಹಾರಾಯಿತಿ 'ಗಂಬತ್ತೆ' ಎಂದಳು.

ಇವತ್ತು ಬಟ್ಟೆ ಸಡಿಲವಾಗಿತ್ತು. ಅತ್ತೆ ಬಿಗಿದಂತೆಯೇ ಬಿಗಿಯೋಣವೆಂದು ದಿವ್ಯ ಪಕ್ಕದಲ್ಲಿ ಕೂತು, ಬಟ್ಟೆಯ ಒಳಗೆ ಅಂಗೈ ತೂರಿಸಿದಳು. ಅಂಗೈಗೆ ಏನೋ ಒದೆಯಿತು.

ಆ ಒದೆತ ಏನೆಂದು ಹೆತ್ತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೈ ಹಿಂದಕ್ಕೆ ತೆಗೆಯಲೂ ಆಗದೆ ಕಲ್ಲಾಗಿ ಕೂತಳು. ಯುಕೊ ಮಾತ್ರ ನಗುತ್ತಿದ್ದರು, ಟೀಚರಮ್ಮ ಮಗುವನ್ನು ಮಾತಾಡಿಸಲು ಬಂದಿದ್ದಾಳೆ ಎಂದುಕೊಂಡರೋ ಏನೋ.

ಮುಚ್ಚಿಡಬಹುದಿತ್ತು. ಕೆಲಸ ಹೋದರೂ ಹೋಗಲಿ ಎಂದು ದಿವ್ಯ ಕ್ಲಾಸಿನ ಒಡತಿ ಲತಾಮಣಿಗೆ ಎಲ್ಲ ಹೇಳಿದಳು. ಯುಕೊರನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಸ್ಕ್ಯಾನ್ ಕೋಣೆಯಿಂದ ಮಗುವಿನ ಎದೆಬಡಿತ ಕೇಳುವವರೆಗೂ ದಿವ್ಯಳ ಬಾಯಲ್ಲಿ ಕಬ್ಬಾಳಮ್ಮನ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ಮಗು ಚೆನ್ನಾಗಿತ್ತು. ನಿನ್‌ಶಿನ್ ಅಂದರೆ ಬಸುರು, ತಮ್ಮಲ್ಲಿ ಬಸುರಿಗೆ ಐದನೇ ತಿಂಗಳಲ್ಲಿ ಹೊಟ್ಟೆ ಕಟ್ಟುತ್ತಾರೆ ಎಂದು ಆಸ್ಪತ್ರೆಗೆ ಬಂದ ಯುಕೊರ ಗಂಡ ಇಂಗ್ಲಿಷಿನಲ್ಲಿ ಹೇಳಿದರು. ಟೀಚರ್‌ಗೆ ವಿಷಯ ಗೊತ್ತಿದೆಯಲ್ಲ, ಈ ದೇಶದ ಬಸುರಿಯರು ಹೀಗೇ ಮಾಡುತ್ತಾರೇನೋ ಎಂದು ಅವಳು ಹೇಳಿದ್ದನ್ನೆಲ್ಲ ಯುಕೊ ಮಾಡಿದ್ದರಂತೆ.

ಮನೆಯಲ್ಲಿ ಇದನ್ನು ಕೇಳಿ ವೆಂಕಟಲಕ್ಷ್ಮಮ್ಮ ಮುರಿದ ಮುದ್ದೆಯನ್ನು ಹಾಗೇ ತಟ್ಟೆಗೆ ಬಿಟ್ಟರು.

"ಬಸ್ರಿ ಹೆಂಗ್ಸು, ಒಂದ್ ಮಾತು ಬಾಯ್ ಬುಟ್ಟು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರು ಕಣತ್ತೆ, ಬಂದ್ ದಿನವೇ ಹೇಳಿದ್ರು," ಎಂದಳು ದಿವ್ಯ. "ನಾನೇ ಅರ್ಥ ಆಯ್ತು ಅಂದ್ಬುಟ್ಟೆ."